ಹಿಡಿಮಣ್ಣಿನ ಸಾಕ್ಷ್ಯ: ದೂಷಿತ ಭೂಮಿಯ ಪರಿಶೋಧನೆಯಲ್ಲಿ ನೂತನ ವಿಧಾನಗಳು

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದಲ್ಲಿ ಬದನಗುಪ್ಪೆಯೆಂಬ ಸಣ್ಣ ನಿಲ್ದಾಣವೊಂದುಂಟು. ಈ ಗ್ರಾಮಕ್ಕೂ ನೆರೆಯ ಕೆಲ್ಲಂಬಳ್ಳಿಗೂ ಸೇರಿದ ಸಾವಿರ ಎಕರೆಗೆ ಮಿಕ್ಕ ನೆಲವನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಪಡೆದು ಕಾರ್ಖಾನೆಗಳಿಗಾಗಿ ವಿಂಗಡಿಸಿದೆ. ನೇಗಿಲ ಸಾಲುಗಳಿದ್ದ ಹೊಲಗಳು ಸಂಖ್ಯೆ ಹೊತ್ತ ನಿವೇಶನಗಳಾಗಿವೆ. ಒಂದು ಉಪಯೋಗವನ್ನು ಬಿಟ್ಟು ಮತ್ತೊಂದಕ್ಕೆ ಸಲ್ಲುವ ನೆಲದ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು: ಈ ಮಣ್ಣಿನಲ್ಲಿ ಏನಿದೆ? ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಬಹುಕಾಲ ವಿರಳರಾಗಿದ್ದರು. ಮನೆ ಕಟ್ಟುವವನು ನೆಲದ ಗಟ್ಟಿತನವನ್ನು ವಿಚಾರಿಸುವನು. ಬೇಸಾಯಗಾರನು ಅದರ ಸಾರವನ್ನು ವಿಚಾರಿಸುವನು. ಅದರ ವಿಷವನ್ನು ವಿಚಾರಿಸುವ ಪದ್ಧತಿ ಕಳೆದ ಅರ್ಧ ಶತಮಾನದಲ್ಲಿ ಹುಟ್ಟಿದ್ದು.

ಅದು ಹುಟ್ಟಿದ್ದು ದುರಂತಗಳಿಂದ. ಅಮೆರಿಕದ ನಯಾಗರಾ ಫಾಲ್ಸ್ ನಗರದಲ್ಲಿ ವಿಲಿಯಂ ಲವ್ ಎಂಬಾತನು 1890ರ ದಶಕದಲ್ಲಿ ತೋಡಿಸಲಾರಂಭಿಸಿ ಅರ್ಧಕ್ಕೆ ಬಿಟ್ಟ ಕಾಲುವೆಯೊಂದಿತ್ತು. 1942ರಿಂದ 1953ರವರೆಗೆ ಹೂಕರ್ ರಾಸಾಯನಿಕ ಸಂಸ್ಥೆಯು ಅದರಲ್ಲಿ ಸುಮಾರು 21,000 ಟನ್ ತ್ಯಾಜ್ಯವನ್ನು ತುಂಬಿ, ಮೇಲೆ ಮಣ್ಣು ಮುಚ್ಚಿ, ಆ ನೆಲವನ್ನು ಒಂದು ಡಾಲರಿಗೆ ಊರಿನ ಶಾಲಾಮಂಡಳಿಗೆ ಮಾರಿತು. ಕ್ರಯಪತ್ರದಲ್ಲಿ ರಾಸಾಯನಿಕಗಳು ಹೂತಿರುವ ಸಂಗತಿ ಬರೆದೇ ಇತ್ತು. ಆದರೂ ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ರಾಷ್ಟ್ರಾಧ್ಯಕ್ಷರು ತುರ್ತುಸ್ಥಿತಿಯನ್ನು ಘೋಷಿಸಿ ಜನರನ್ನು ತೆರವುಗೊಳಿಸಬೇಕಾಯಿತು. ಎರಡು ವರ್ಷಗಳ ಬಳಿಕ ಹಾಲೆಂಡಿನ ಲೆಕ್ಕರ್ಕರ್ಕ್ ಎಂಬ ಊರಿನಲ್ಲಿಯೂ ತ್ಯಾಜ್ಯ ತುಂಬಿದ ನೆಲದ ಮೇಲೆ ಕಟ್ಟಿದ್ದ ಇನ್ನೂರೈವತ್ತಕ್ಕೂ ಮಿಕ್ಕ ಮನೆಗಳನ್ನು ಖಾಲಿಮಾಡಿಸಿದರು. ಈ ಎರಡರಿಂದಲೂ ಆಯಾ ದೇಶಗಳಲ್ಲಿ ಶಾಸನಗಳಾದುವು.

ಭಾರತದಲ್ಲಿ ಇದಕ್ಕೆಂದೇ ವಿಧಿಸಿದ ನಿಯಮಗಳು ಹೊರಟಿದ್ದು 2025ನೆಯ ಜುಲೈ ತಿಂಗಳಲ್ಲಿ. ಕಲುಷಿತ ಸ್ಥಳಗಳ ನಿರ್ವಹಣೆಯ ಆ ನಿಯಮಗಳ ಮೇರೆಗೆ ಸ್ಥಳೀಯ ಸಂಸ್ಥೆಯಾಗಲಿ ಜಿಲ್ಲಾಡಳಿತವಾಗಲಿ ಶಂಕಿತ ಸ್ಥಳಗಳನ್ನು ಗುರುತಿಸಿ ತಿಳಿಸಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಮೊದಲು ಪ್ರಾಥಮಿಕವಾಗಿಯೂ ಅನಂತರ ವಿಸ್ತಾರವಾಗಿಯೂ ಪರಿಶೋಧಿಸಬೇಕು. ಕೆಡಿಸಿದವನೇ ವೆಚ್ಚ ತೆರಬೇಕು. ಗಣಿಗಾರಿಕೆಯಿಂದಾದ ದೋಷವನ್ನು ಈ ನಿಯಮಗಳು ಸಾಮಾನ್ಯವಾಗಿ ಹೊರಗಿಟ್ಟಿವೆ. ಕೋಲಾರದ ಪ್ರಸ್ತಾಪ ಬರುವಾಗ ಈ ಹೊರಗಿಡುವಿಕೆಯನ್ನು ನೆನೆಯಬೇಕಾಗುವುದು.

ಪರಿಶೋಧನೆಯ ಮೊದಲನೆಯ ಹೆಜ್ಜೆ ಮಣ್ಣಿನಲ್ಲಿಲ್ಲ, ಕಾಗದದಲ್ಲಿದೆ. ಲವ್ ಕಾಲುವೆಯ ಕ್ರಯಪತ್ರವನ್ನು ಓದಬೇಕಾದವರು ಓದಿದ್ದರೆ ಗುದ್ದಲಿಯನ್ನೇ ಎತ್ತಬೇಕಾಗುತ್ತಿರಲಿಲ್ಲ. ಮೈಸೂರು ಸೀಮೆಯಲ್ಲಿ ಇಂತಹ ಕಾಗದಗಳಿಗೆ ಕೊರತೆಯಿಲ್ಲ. 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯಿಂದ ಹಿಡಿದು ಸರ್ವೆ ನಂಬರು, ಟಿಪ್ಪಣಿ, ಆಕಾರಬಂದು, ಪಹಣಿ ಇವುಗಳ ಸಾಲೇ ಇದೆ. ಯಾವ ವರ್ಷ ಯಾವ ಬೆಳೆ, ಯಾವಾಗ ಬೀಳು, ಯಾವಾಗ ಕೆರೆಯಂಗಳ ಎಂಬುದು ಅವುಗಳಿಂದ ತಿಳಿಯುತ್ತದೆ. ಇವನ್ನು ಓದುವವನಿಗೆ ಊರಿನ ಹೆಸರುಗಳ ಇತಿಹಾಸವೂ ಗೊತ್ತಿರಬೇಕು: ಚಾಮರಾಜನಗರವನ್ನೇ ತೆಗೆದುಕೊಂಡರೆ, 1818ಕ್ಕೆ ಹಿಂದಿನ ಪತ್ರಗಳಲ್ಲಿ ಆ ಹೆಸರನ್ನು ಹುಡುಕುವುದು ವ್ಯರ್ಥ, ಆಗ ಅದು ಅರಿಕುಠಾರ. ಹಾಗೆಯೇ ಕಾರ್ಖಾನೆಯ ನೆಲವಾದರೆ ಅಲ್ಲಿ ಏನನ್ನು ತಯಾರಿಸುತ್ತಿದ್ದರು, ಅದಕ್ಕೆ ಯಾವ ದ್ರವ್ಯ ಬರುತ್ತಿತ್ತು, ಉಳಿದುದು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಬೇಕು. ಲೋಹಕ್ಕೆ ಕಲಾಯಿ ಹಾಕುತ್ತಿದ್ದ ಕಡೆ ಕ್ರೋಮಿಯಂ, ನಿಕ್ಕಲ್, ಸೈನೈಡುಗಳನ್ನು ಸಂದೇಹಿಸಬೇಕು. ವಿದ್ಯುತ್ ಪರಿವರ್ತಕಗಳನ್ನು ಮಾಡುತ್ತಿದ್ದ ಕಡೆ ಹಳೆಯ ಎಣ್ಣೆಗಳನ್ನು ಸಂದೇಹಿಸಬೇಕು. ಮುದುಕ ಕೆಲಸಗಾರನೊಬ್ಬನ ನೆನಪು ಕೆಲವು ವೇಳೆ ನಕ್ಷೆಗಿಂತ ನಿಖರವಾಗಿರುವುದುಂಟು. ಇವೆಲ್ಲದರಿಂದ ವಿಷದ ಮೂಲ ಯಾವುದು, ಅದು ಸಾಗುವ ದಾರಿ ಯಾವುದು, ಕೊನೆಗೆ ಯಾರನ್ನು ಮುಟ್ಟುವುದು ಎಂಬ ಮೂರನ್ನು ಜೋಡಿಸಿದ ಒಂದು ಊಹಾಚಿತ್ರ ಸಿದ್ಧವಾಗುತ್ತದೆ. ಇದನ್ನು 'ಸ್ಥಳಕಲ್ಪನೆ'ಯೆಂದು ಕರೆಯಬಹುದು. ಮುಂದಿನ ಪ್ರತಿಯೊಂದು ಪರೀಕ್ಷೆಯೂ ಈ ಕಲ್ಪನೆಯನ್ನು ಸಮರ್ಥಿಸುವುದಕ್ಕಾಗಿ ಅಥವಾ ಕೆಡಹುವುದಕ್ಕಾಗಿ ನಡೆಯುವಂಥದು. ಮೂರರಲ್ಲಿ ಒಂದು ಕೊಂಡಿ ಇಲ್ಲವೆಂದು ಸ್ಥಿರಪಟ್ಟರೆ ನೆಲದಲ್ಲಿ ವಿಷವಿದ್ದರೂ ತತ್ಕಾಲಕ್ಕೆ ಅಪಾಯವಿಲ್ಲ.

ಇನ್ನು ಮಣ್ಣಿನ ಮಾತು. ಈ ಶಾಸ್ತ್ರದ ಎಲ್ಲ ಕಷ್ಟವೂ ಇಲ್ಲಿದೆಯೆಂದು ಹೇಳಿದರೆ ಅತಿಶಯವಾಗದು. ಒಂದು ಎಕರೆ ನೆಲದ ಮೇಲಿನ 15 ಸೆಂಟಿಮೀಟರ್ ಪದರವನ್ನು ತೆಗೆದುಕೊಂಡರೆ ಅದರ ಗಾತ್ರ ಸುಮಾರು 600 ಘನಮೀಟರ್. ತೂಕ ಸುಮಾರು 850 ಟನ್. ಪ್ರಯೋಗಶಾಲೆಯಲ್ಲಿ ಲೋಹಗಳನ್ನು ಅಳೆಯುವುದಕ್ಕೆ ಆಮ್ಲದಲ್ಲಿ ಕರಗಿಸುವ ಮಣ್ಣು ಒಂದು ಗ್ರಾಮಿನಷ್ಟು. ಎಂದರೆ 85 ಕೋಟಿ ಪಾಲುಗಳಲ್ಲಿ ಒಂದು ಪಾಲು ಉಳಿದೆಲ್ಲದರ ಪರವಾಗಿ ಸಾಕ್ಷ್ಯ ನುಡಿಯಬೇಕಾಗಿದೆ. ಒಂದು ಮಿಲಿಗ್ರಾಮ್ ತೂಕದ ಸೀಸದ ಚೂರೊಂದು ಆ ಗ್ರಾಮಿನೊಳಗೆ ಬಿದ್ದರೆ ಫಲಿತಾಂಶವು ಕಿಲೋಗ್ರಾಮಿಗೆ 1,000 ಮಿಲಿಗ್ರಾಮ್ ಎಂದು ಬರುತ್ತದೆ. ಪಕ್ಕದ ಗ್ರಾಮಿನಲ್ಲಿ ಚೂರಿಲ್ಲದಿದ್ದರೆ ಸೊನ್ನೆಗೆ ಸಮೀಪ ಬರುತ್ತದೆ. ಎರಡನ್ನೂ ಅಳೆದ ಯಂತ್ರ ನಿರ್ದುಷ್ಟ, ಅಳೆದವನು ಪ್ರಾಮಾಣಿಕ. ಆದರೂ ಒಂದರ ಮೇಲೆ ನಿಂತು ನೆಲ ಕೆಟ್ಟಿತೆನ್ನುವುದೂ ಇನ್ನೊಂದರ ಮೇಲೆ ನಿಂತು ನೆಲ ಶುದ್ಧವೆನ್ನುವುದೂ ಸಮಾನವಾಗಿ ತಪ್ಪು. ಒಂದೇ ಓಲೆಪ್ರತಿಯ ಒಂದೇ ಗರಿಯನ್ನು ನೋಡಿ ಕಾವ್ಯದ ಪಾಠವನ್ನು ನಿರ್ಣಯಿಸುವ ಸಂಪಾದಕನಿಗೂ ಇಂತಹ ಪರೀಕ್ಷಕನಿಗೂ ಭೇದವಿಲ್ಲ.

ಈ ಸಂಕಟವನ್ನು ಮೊದಲು ಕಂಡವರು ವಿಷವನ್ನು ಹುಡುಕುವವರಲ್ಲ, ಚಿನ್ನವನ್ನು ಹುಡುಕುವವರು. ಚಿನ್ನವೂ ಕಲ್ಲಿನಲ್ಲಿ ಸಮವಾಗಿ ಹರಡದೆ ಚೂರುಚೂರಾಗಿ ಅಡಗಿರುತ್ತದೆ. ದಕ್ಷಿಣ ಆಫ್ರಿಕದ ಗಣಿಯ ಇಂಜಿನಿಯರ್ ಡ್ಯಾನೀ ಕ್ರೀಗೆಯವರು 1951ರಲ್ಲಿ, ಕೆಲವೇ ಕಡೆಗಳ ಮಾದರಿಗಳಿಂದ ನಡುವಣ ಬಂಡೆಯ ಚಿನ್ನವನ್ನು ಅಂದಾಜುಮಾಡುವ ಗಣಿತವನ್ನು ಪ್ರತಿಪಾದಿಸಿದರು. ಫ್ರಾನ್ಸಿನ ಜಾರ್ಜ್ ಮಾಥೆರೋನರು ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲೇ ತೆಗೆದರೂ ಉಳಿಯುವ ವ್ಯತ್ಯಾಸಕ್ಕೆ ಇಂದಿಗೂ 'ಚಿನ್ನದ ಗಟ್ಟಿಯ ಪರಿಣಾಮ'ವೆಂದೇ ಆ ಶಾಸ್ತ್ರದಲ್ಲಿ ಹೆಸರು. ಫ್ರಾನ್ಸಿನವರೇ ಆದ ಪಿಯರ್ ಜಿ ಅವರು 1950ರ ದಶಕದಿಂದ ಮತ್ತೊಂದು ದಿಕ್ಕಿನಲ್ಲಿ ಶೋಧಿಸಿ, ಮಾದರಿಯ ದೋಷವು ಅದರ ತೂಕ ಹೆಚ್ಚಿದಂತೆ ಕಡಿಮೆಯಾಗುವುದೆಂದೂ, ಅದರಲ್ಲಿರುವ ಅತ್ಯಂತ ದೊಡ್ಡ ಹರಳಿನ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುವುದೆಂದೂ ತೋರಿಸಿಕೊಟ್ಟರು. ಎರಡು ಮಿಲಿಮೀಟರಿನ ಹರಳುಗಳನ್ನು ಹತ್ತನೆಯ ಒಂದರಷ್ಟು ಸಣ್ಣಗೆ ಅರೆದರೆ ದೋಷದ ಅಳತೆಯಾದ ವಿಚಲನವರ್ಗವು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುವುದು. ಅರೆಯುವ ಕಲ್ಲಿಗೆ ಇಷ್ಟು ಮಹಿಮೆಯಿದೆಯೆಂದು ಮಾಲಿನ್ಯಪರೀಕ್ಷಕರು ತಿಳಿದದ್ದು ಬಹಳ ತಡವಾಗಿ.

ಹೊಸ ವಿಧಾನಗಳಲ್ಲಿ ಅಗ್ರಗಣ್ಯವಾದುದು ಈ ತಿಳಿವಿನ ಫಲ. ಅಮೆರಿಕದ ಸೈನ್ಯದ ಗುಂಡಭ್ಯಾಸದ ಬಯಲುಗಳಲ್ಲಿ ಸ್ಫೋಟಕಗಳ ಶೇಷವನ್ನು ಅಳೆಯುತ್ತಿದ್ದವರು, ಒಂದೇ ಬಯಲಿನ ಮಾದರಿಗಳು ಒಂದಕ್ಕೊಂದು ನೂರುಪಾಲು ಭಿನ್ನವಾಗುವುದನ್ನು ಕಂಡು ಇದನ್ನು ರೂಢಿಗೆ ತಂದರು. ಕ್ರಮ ಹೀಗಿದೆ. ಮೊದಲು ನೆಲವನ್ನು, ಯಾವ ತುಂಡಿನ ವಿಷಯದಲ್ಲಿ ಒಂದು ತೀರ್ಮಾನ ಬೇಕಾಗಿದೆಯೋ ಆ ತುಂಡುಗಳಾಗಿ ಭಾಗಿಸುವುದು. ಇವಕ್ಕೆ 'ನಿರ್ಣಯಕ್ಷೇತ್ರ'ಗಳೆಂದು ಹೆಸರಿಡಬಹುದು. ಪ್ರತಿ ಕ್ಷೇತ್ರದಲ್ಲಿಯೂ ಸಮಾನ ಅಂತರಗಳಲ್ಲಿ 30ರಿಂದ 100 ಕಡೆ ಒಂದೇ ಆಳದ, ಒಂದೇ ಗಾತ್ರದ ಚಿಟಿಕೆಮಣ್ಣನ್ನು ತೆಗೆಯುವುದು. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಒಣಗಿಸಿ, ಜರಡಿಯಾಡಿಸಿ, ನುಣ್ಣಗೆ ಅರೆದು, ಹಾಸಿದ ಪುಡಿಯ ಹಲವು ಕಡೆಗಳಿಂದ ಪರೀಕ್ಷೆಯ ಗ್ರಾಮನ್ನು ಎತ್ತುವುದು. ಇದನ್ನೇ ಬೇರೆ ಬೇರೆ ಬಿಂದುಗಳಿಂದ ಮೂರು ಸಲ ಮಾಡುವುದು. ಮೂರು ಉತ್ತರಗಳೂ ಸಮೀಪವಾದರೆ ಸಾಕ್ಷ್ಯ ನಂಬತಕ್ಕದ್ದು. ದೂರವಾದರೆ ತೀರ್ಮಾನಕ್ಕೆ ಇನ್ನೂ ಕಾಲವಾಗಿಲ್ಲ. ಇದಕ್ಕೆ ಒಂದು ಆಕ್ಷೇಪವುಂಟು: ಹೀಗೆ ಬೆರೆಸಿದಾಗ ಒಂದು ಮೂಲೆಯ ಘೋರ ವಿಷ ಸರಾಸರಿಯಲ್ಲಿ ಮುಳುಗಿಹೋಗದೆ? ಮುಳುಗುವುದು ನಿಜ. ಆದಕಾರಣವೇ ಕ್ಷೇತ್ರವನ್ನು ವಿಂಗಡಿಸುವಾಗ ಸ್ಥಳಕಲ್ಪನೆಯ ಸಹಾಯ ಬೇಕು. ಹಳೆಯ ಕೊಳವೆಯ ಬಾಯಿ ಇದ್ದ ತಾಣವನ್ನು ಆಟದ ಬಯಲಿನೊಡನೆ ಕೂಡಿಸಬಾರದು. ಬೇಗನೆ ಆವಿಯಾಗುವ ದ್ರವಗಳಿಗೂ ಈ ಅರೆಯುವ ಕ್ರಮ ಸಲ್ಲದು. ಅವು ಒರಳಿನಲ್ಲಿಯೇ ಹಾರಿಹೋಗುತ್ತವೆ.

ಎರಡನೆಯ ಸಾಧನ ಕೈಯಲ್ಲಿ ಹಿಡಿಯುವ ಕ್ಷಕಿರಣ ಯಂತ್ರ. ಪ್ರತಿಯೊಂದು ಧಾತುವೂ ಕ್ಷಕಿರಣ ತಗುಲಿದಾಗ ತನಗೇ ವಿಶಿಷ್ಟವಾದ ಕಿರಣವನ್ನು ಹೊರಸೂಸುವುದೆಂಬ ತತ್ತ್ವವನ್ನು ಮೋಸ್ಲೆ 1913ರಲ್ಲಿ ಸ್ಥಾಪಿಸಿದನು. ಬಂದೂಕಿನಾಕಾರದ ಈಗಿನ ಯಂತ್ರವನ್ನು ಮಣ್ಣಿಗೆ ಒತ್ತಿ ಹಿಡಿದರೆ ಒಂದೆರಡು ನಿಮಿಷಗಳಲ್ಲಿ ಸೀಸ, ತಾಮ್ರ, ಸತು, ಪಾಷಾಣವೆಂಬ ಆರ್ಸೆನಿಕ್ ಮುಂತಾದುವುಗಳ ಪ್ರಮಾಣ ಕಾಣುತ್ತದೆ. ಪ್ರಯೋಗಶಾಲೆಯಷ್ಟು ಸೂಕ್ಷ್ಮವಲ್ಲದಿದ್ದರೂ ಒಂದು ಕಡೆಯ ವೆಚ್ಚದಲ್ಲಿ ನೂರು ಕಡೆ ನೋಡಬಹುದು. ನೋಡಿದ ದಿನವೇ ಮರುದಿನದ ಬಿಂದುಗಳನ್ನು ಗೊತ್ತುಮಾಡಬಹುದು. ಈ ವಿದ್ಯೆಯಲ್ಲಿ ಹೊಸತನವೆಂಬುದು ಯಂತ್ರಕ್ಕಿಂತ ಹೆಚ್ಚಾಗಿ ಈ ನಡೆಯಲ್ಲಿದೆ. ಮುಂಚೆ ಬಿಂದುಗಳನ್ನೆಲ್ಲ ಕಚೇರಿಯಲ್ಲೇ ನಿಶ್ಚಯಿಸಿ, ಮಾದರಿ ಕಳುಹಿಸಿ, ತಿಂಗಳು ಕಾದು, ಉತ್ತರ ಸಾಲದೆಂದು ಮತ್ತೆ ಹೊರಡುತ್ತಿದ್ದರು.

ಯಂತ್ರದ ಮಿತಿಗಳನ್ನೂ ಹೇಳತಕ್ಕದ್ದು. ತೇವದ ಮಣ್ಣಿನಲ್ಲಿ ಅದು ಕಡಿಮೆ ತೋರಿಸುತ್ತದೆ. ಸೀಸದ ಒಂದು ಕಿರಣವೂ ಆರ್ಸೆನಿಕ್ಕಿನ ಒಂದು ಕಿರಣವೂ ಬಹುಮಟ್ಟಿಗೆ ಒಂದೇ ಶಕ್ತಿಯವಾದುದರಿಂದ ಸೀಸ ವಿಪುಲವಾಗಿದ್ದಲ್ಲಿ ಪಾಷಾಣದ ಅಳತೆ ಸಂದಿಗ್ಧವಾಗುವುದು. ಸೈನೈಡು ಅದಕ್ಕೆ ಕಾಣುವುದೇ ಇಲ್ಲ. ಕ್ರೋಮಿಯಂ ಕಾಣುವುದಾದರೂ, ಮೂರರ ವೇಲೆನ್ಸಿಯ ಸೌಮ್ಯವಾದುದೋ ಆರರ ವೇಲೆನ್ಸಿಯ ಕ್ರೂರವಾದುದೋ ತಿಳಿಯದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕಂಡುಬಂದಿರುವುದು ಈ ಎರಡನೆಯ ಜಾತಿಯದು. ಅದು ನೀರಿನಲ್ಲಿ ಕರಗಿ ಬಾವಿಯಿಂದ ಬಾವಿಗೆ ಸಾಗಬಲ್ಲದು. ಅಲ್ಲಿಗೆ ಈ ಬಂದೂಕೊಂದನ್ನೇ ಕೊಂಡುಹೋದವನು ಪ್ರಶ್ನೆಯ ಅರ್ಧವನ್ನಷ್ಟೇ ಉತ್ತರಿಸಿಯಾನು.

ಈ ಎಲ್ಲ ವಿಧಾನಗಳಿಗೆ ಕನ್ನಡನಾಡಿನಲ್ಲಿ ಅತ್ಯಂತ ದೊಡ್ಡ ಪರೀಕ್ಷಾಸ್ಥಾನವೆಂದರೆ ಕೋಲಾರದ ಚಿನ್ನದ ಗಣಿಗಳ ನೆಲ. 1880ರಿಂದ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿಯೂ, 1956ರಿಂದ ಸರ್ಕಾರದ ಕೈಯಲ್ಲಿಯೂ ನಡೆದ ಗಣಿಗಳು 2001ರ ಫೆಬ್ರವರಿಯ ಕೊನೆಗೆ ಮುಚ್ಚಿದುವು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನುಗಳಷ್ಟು ಚಿನ್ನ ಹೊರಗೆ ಹೋಯಿತು. ಅರೆದ ಕಲ್ಲು ಉಳಿಯಿತು. ಚಿನ್ನವನ್ನು ಕರಗಿಸಲು ಸೈನೈಡ್ ದ್ರಾವಣವನ್ನು ಬಳಸಿದುದರಿಂದ ಜನರು ಈ ರಾಶಿಗಳನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅವು ಹದಿಮೂರು, ಸುಮಾರು ಸಾವಿರ ಎಕರೆಯಲ್ಲಿ ಹರಡಿವೆ, ತೂಕ ಸುಮಾರು 3 ಕೋಟಿ 30 ಲಕ್ಷ ಟನ್. ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿತು. ಗಣಿಸಂಸ್ಥೆಯ ಮೂರು ಸಾವಿರ ಎಕರೆಗೂ ಮಿಕ್ಕ ಬೇರೆ ನೆಲವನ್ನು ಕೈಗಾರಿಕೆಗಳಿಗೆ ಪಡೆಯುವ ಯತ್ನವೂ 2020ರಿಂದೀಚೆಗೆ ನಡೆದಿದೆ. ಹೀಗೆ ಒಂದೇ ಊರಿನಲ್ಲಿ ಒಂದೇ ಮಣ್ಣನ್ನು ಎರಡು ಉದ್ದೇಶಗಳಿಂದ ಪರೀಕ್ಷಿಸುವ ಕಾಲ ಬಂದಿದೆ.

ಈ ಎರಡು ಉದ್ದೇಶಗಳೂ ಒಂದೇ ಮಾದರಿಯಿಂದ ತೀರುವುವೆಂದು ಭಾವಿಸುವುದು ಸಹಜ. ಆದರೆ ಅದು ಪ್ರಮಾದ. ಚಿನ್ನವನ್ನು ಅರಸುವವನಿಗೆ ಬೇಕಾದುದು ದಿಬ್ಬದ ಒಡಲಿನ ಸರಾಸರಿ. ಅವನು ಮೇಲಿನಿಂದ ಬುಡದವರೆಗೆ ಕೊರೆದು ನೋಡುವನು. ಊರಿನ ಆರೋಗ್ಯವನ್ನು ಅರಸುವವನಿಗೆ ಬೇಕಾದುದು ದಿಬ್ಬದ ಮೈಯಿಂದ ಬೇಸಗೆಯ ಗಾಳಿಗೆ ಎದ್ದು ಮನೆಗಳ ಸಾಲಿನಲ್ಲಿ ಇಳಿಯುವ ಧೂಳು, ಮಳೆಗೆ ಕೊರೆದು ಹಳ್ಳಕ್ಕೆ ಇಳಿಯುವ ಮೆಕ್ಕಲು. ಅವನ ನಿರ್ಣಯಕ್ಷೇತ್ರಗಳು ಶಾಲೆಯ ಅಂಗಳ, ಕಾರ್ಮಿಕರ ಸಾಲುಮನೆಗಳ ಮುಂದಣ ಬಯಲು, ಕೆರೆಯ ಏರಿಯ ಬುಡ. ಮಗುವಿನ ಕೈಗೆ ಅಂಟಿ ಬಾಯಿಗೆ ಹೋಗುವುದು ನುಣುಪಾದ ಧೂಳಾದುದರಿಂದ ಅವನ ಜರಡಿಯ ಕಣ್ಣು 0.15 ಮಿಲಿಮೀಟರ್ ಇರತಕ್ಕದ್ದು. ಹೆಸರಿನಲ್ಲಿರುವ ಸೈನೈಡಿಗೆ ಅವನು ಬಹುಶಃ ಹೆಚ್ಚು ಅಂಜಬೇಕಾಗಿಲ್ಲ. ಸರಳವಾದ ಸೈನೈಡುಗಳು ಬಿಸಿಲಿಗೂ ಗಾಳಿಗೂ ವರ್ಷಗಳ ಮೇಲೆ ಒಡೆದುಹೋಗುವುವು, ಕಬ್ಬಿಣದೊಡನೆ ಬಿಗಿದುಕೊಂಡುವು ಮಾತ್ರ ನಿಲ್ಲುವುವು. ಅದಿರಿನೊಡನೆ ಮೇಲೆ ಬಂದ ಧಾತುಗಳು ಒಡೆಯುವುದಿಲ್ಲ. ಸಣ್ಣಗೆ ಅರೆದ ಸಿಲಿಕದ ಪುಡಿಯೂ ಶ್ವಾಸಕೋಶಕ್ಕೆ ಹಗೆ. ಜನರ ಬಾಯಲ್ಲಿ ನಿಂತ ಹೆಸರು ಪರೀಕ್ಷಕನ ಕಣ್ಣನ್ನು ತಪ್ಪು ದಿಕ್ಕಿಗೆ ತಿರುಗಿಸಬಾರದು. ಗಣಿಯ ದೋಷಗಳು ಹೊಸ ನಿಯಮಗಳ ಹೊರಗೆ ಬಹುಮಟ್ಟಿಗೆ ನಿಂತಿರುವಾಗ, ಈ ಎರಡನೆಯ ಪರೀಕ್ಷೆಯನ್ನು ಯಾರ ಹೊಣೆಯಿಂದ ಮಾಡಿಸತಕ್ಕದ್ದೆಂಬುದು ನೆಲವನ್ನು ಹಂಚುವ ಮುನ್ನವೇ ತೀರ್ಮಾನವಾಗಬೇಕಾದ ವಿಷಯ.

ನೆಲದ ಆಳವನ್ನು ನೋಡುವ ಸಾಧನಗಳ ಮಾತು ಬೇರೆ. ಯಂತ್ರಬಲದಿಂದ ಸಲಾಕೆಯನ್ನು ಮಣ್ಣಿಗೆ ಒತ್ತಿ ಇಳಿಸುತ್ತ, ಅದರ ಪಕ್ಕದ ಕಾಯ್ದ ಪೊರೆಯ ಮೂಲಕ ದ್ರಾವಕಗಳ ಆವಿಯನ್ನು ಮೇಲಕ್ಕೆಳೆದು, ಪ್ರತಿ ಅಂಗುಲದ ವಿವರವನ್ನು ಆಗಲೇ ಬರೆದುಕೊಳ್ಳುವ ಯಂತ್ರ ಯುರೋಪ್ ಅಮೆರಿಕಗಳಲ್ಲಿ ಸಾಮಾನ್ಯವಾಗಿದೆ. ಅದು ನದಿಯ ಮೆಕ್ಕಲಿನ ದೇಶಕ್ಕೆ ಹೇಳಿಸಿದ್ದು. ಮೈಸೂರಿನ ಪ್ರಸ್ಥಭೂಮಿಯಲ್ಲಿ ಕೆಂಪುಮಣ್ಣು, ಅದರಡಿ ಗರಸು, ಅದರಡಿ ಗಟ್ಟಿ ಬಂಡೆ. ಸಲಾಕೆ ಗರಸಿನಲ್ಲೇ ನಿಲ್ಲುವುದು. ಬಂಡೆಯಲ್ಲಿ ನೀರು ಹರಡಿ ಹರಿಯುವುದಿಲ್ಲ, ಬಿರುಕನ್ನು ಹಿಡಿದು ಓಡುತ್ತದೆ. ಎರಡು ಕೊಳವೆಬಾವಿಗಳಲ್ಲಿ ಶುದ್ಧವಾದ ನೀರು ದೊರೆತು ನಡುವೆ ಮೂರನೆಯದರಲ್ಲಿ ವಿಷ ಬರುವುದು ಇಲ್ಲಿ ಆಶ್ಚರ್ಯವಲ್ಲ. ಆದುದರಿಂದ ಈ ಸೀಮೆಗೆ ತಕ್ಕುದು ಮೊದಲು ವಿದ್ಯುತ್ ನಿರೋಧದ ಅಳತೆ: ಹತ್ತಾರು ಕಂಬಿಗಳನ್ನು ಸಾಲಾಗಿ ನೆಟ್ಟು, ಜೋಡಿಜೋಡಿಯಾಗಿ ವಿದ್ಯುತ್ ಹರಿಸಿ, ನೆಲದ ಅಡ್ಡಕೊಯ್ತದ ಚಿತ್ರವನ್ನು ಗಣಿತದಿಂದ ಬಿಡಿಸುವುದು. ಭೂಜಲ ಹುಡುಕುವವರು ನಾಡಿನಲ್ಲಿ ಬಹುಕಾಲದಿಂದ ಇದೇ ಜಾತಿಯ ಅಳತೆಯನ್ನು ಬಳಸುತ್ತಿರುವರು. ಜೇಡಿಯೂ ಉಪ್ಪುನೀರೂ ಒಂದೇ ತೆರನಾಗಿ ತೋರುವುದು ಅದರ ದೋಷ. ಎರಡು ಕಡೆ ಕೊರೆದು ತಾಳೆನೋಡದೆ ಚಿತ್ರವನ್ನು ನಂಬುವಂತಿಲ್ಲ. ಹೀಗೆ ಬಿರುಕು ಗೊತ್ತಾದ ಮೇಲೆ ಆ ಎಡೆಯಲ್ಲಿ ಕೊರೆದು, ಬಿರುಕುಗಳನ್ನು ಒಂದರಿಂದೊಂದು ಬೇರ್ಪಡಿಸಿ ಮುಚ್ಚಿ, ಪ್ರತಿಯೊಂದರ ನೀರನ್ನೂ ಪ್ರತ್ಯೇಕವಾಗಿ ತೆಗೆಯಬೇಕು.

ಇನ್ನೊಂದು ವಿಧಾನವನ್ನು ಸಂಕ್ಷೇಪವಾಗಿ ಹೇಳಬಹುದು. ಮಣ್ಣಿನಲ್ಲಿರುವ ಸೀಸವೆಲ್ಲ ದೇಹಕ್ಕೆ ಸೇರುವುದಿಲ್ಲ. ಎಷ್ಟು ಸೇರಬಹುದೆಂದು ತಿಳಿಯಲು ಜಠರದಂತೆ ಹುಳಿಯಾದ, ದೇಹದಷ್ಟೇ ಬೆಚ್ಚಗಿನ ದ್ರವದಲ್ಲಿ ಮಣ್ಣನ್ನು ಒಂದು ಗಂಟೆ ಅಲುಗಿಸಿ ಕರಗಿದಷ್ಟನ್ನು ಅಳೆಯುವರು. ಒಂದೇ ಮೊತ್ತದ ಸೀಸವುಳ್ಳ ಎರಡು ನೆಲಗಳಲ್ಲಿ ಒಂದನ್ನು ಅಗೆದು ಸಾಗಿಸಬೇಕಾಗಿಯೂ ಇನ್ನೊಂದಕ್ಕೆ ಹುಲ್ಲು ಹೊದಿಸಿದರೆ ಸಾಕಾಗಿಯೂ ಇರಬಹುದೆಂಬುದು ಇದರಿಂದ ತಿಳಿಯುತ್ತದೆ. ವೆಚ್ಚದಲ್ಲಿ ಇದರ ವ್ಯತ್ಯಾಸ ಅಪಾರ.

ಬದನಗುಪ್ಪೆಯ ನೆಲ ಕೋಲಾರದಂತಹುದಲ್ಲ. ಅಲ್ಲಿ ಶೋಧಿಸಬೇಕಾದ ಹಳೆಯ ದಿಬ್ಬಗಳಿಲ್ಲ. ಹೊಲದ ಮಣ್ಣಿನಲ್ಲಿ ಹುಡುಕಬಹುದಾದುದು ಹೆಚ್ಚೆಂದರೆ ಗೊಬ್ಬರ ಕೀಟನಾಶಕಗಳ ಶೇಷ. ಅಲ್ಲಿಯ ಪ್ರಶ್ನೆ ಭವಿಷ್ಯತ್ತಿನದು. ಮೂವತ್ತು ವರ್ಷಗಳ ತರುವಾಯ ಯಾವುದೋ ಕಾರ್ಖಾನೆ ಮುಚ್ಚಿ, ಆ ನಿವೇಶನದಲ್ಲಿ ಮನೆಗಳಾಗಬೇಕೆಂದಾಗ, ಮಣ್ಣಿನಲ್ಲಿ ಕ್ರೋಮಿಯಂ ಕಂಡಿತೆಂದು ಭಾವಿಸೋಣ. ಕಾರ್ಖಾನೆಯವರು ಅದು ಪ್ರಕೃತಿಯದೆನ್ನುವರು. ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೈಸೂರಿನ ಬಳಿಯ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ಅದಿರೇ ಇದೆ. ಈ ಭಾಗದ ಶಿಲೆಗಳಲ್ಲಿ ಅಲ್ಲಲ್ಲಿ ಅಂತಹ ಜಾತಿಯವು ಸೇರಿಕೊಂಡಿವೆ. ಬಾವಿಯ ನೀರಿನ ಫ್ಲೋರೈಡಿನ ವಿಷಯವೂ ಹಾಗೆಯೇ. ನಾಡಿನ ಎಷ್ಟೋ ಕಡೆ ಅದು ಬಂಡೆಯಿಂದಲೇ ಬರುತ್ತದೆ. ಆಗ ಕೆಡಿಸಿದವನು ವೆಚ್ಚ ತೆರಬೇಕೆಂಬ ನಿಯಮವಿದ್ದರೂ ಕೆಡಿಸಿದವನಾರೆಂದು ಸಿದ್ಧಪಡಿಸಲು ಆಧಾರವಿರದು. ಆ ಆಧಾರವನ್ನು ಸಂಪಾದಿಸಬಹುದಾದ ಕಾಲ ನಿವೇಶನ ಇನ್ನೂ ಖಾಲಿಯಾಗಿರುವ ಕಾಲ. ಪ್ರತಿ ನಿವೇಶನವನ್ನು ಒಂದು ನಿರ್ಣಯಕ್ಷೇತ್ರವಾಗಿ ಮಾಡಿ, ಮೇಲೆ ವಿವರಿಸಿದ ಕ್ರಮದಲ್ಲಿ ಚಿಟಿಕೆಮಣ್ಣುಗಳನ್ನು ಕೂಡಿಸಿ, ಅಳೆದು, ಅಳೆದ ಸಂಖ್ಯೆಗಳನ್ನು ಗುತ್ತಿಗೆಪತ್ರಕ್ಕೆ ಲಗತ್ತಿಸುವುದು ಕಷ್ಟವಲ್ಲ.

ಸಂಖ್ಯೆಗಳಿಗಿಂತಲೂ ಮಣ್ಣನ್ನೇ ಇಡುವುದು ಲೇಸು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಬೇಸಾಯದ ಪ್ರಯೋಗಗಳನ್ನು ತೊಡಗಿದವರು ಹೊಲಗಳ ಮಣ್ಣನ್ನೂ ಬೆಳೆಯನ್ನೂ ಸೀಸೆಗಳಲ್ಲಿ ತುಂಬಿ ಇಡುತ್ತ ಬಂದರು. ಈಗ ಅಲ್ಲಿ ಸುಮಾರು ಮೂರು ಲಕ್ಷ ಮಾದರಿಗಳಿವೆ. ಡಯಾಕ್ಸಿನ್ ಮೊದಲಾದ ವಿಷಗಳು ಆ ಸೀಸೆಗಳನ್ನು ಮುಚ್ಚಿದವರಿಗೆ ಹೆಸರಿನಿಂದಲೂ ತಿಳಿದಿರಲಿಲ್ಲ. ನೂರು ವರ್ಷಗಳ ಅನಂತರ ಬಂದವರು ಅದೇ ಸೀಸೆಗಳನ್ನು ತೆರೆದು, ಆ ವಿಷಗಳು ಹೊಲದ ಮಣ್ಣಿನಲ್ಲಿ ಯಾವ ಕಾಲದಲ್ಲಿ ಎಷ್ಟೆಷ್ಟು ಹೆಚ್ಚಿದುವೆಂದು ಅಳೆದರು. ಬದನಗುಪ್ಪೆಯ ಒಂದೊಂದು ನಿವೇಶನಕ್ಕೆ ಒಂದೊಂದು ಕಿಲೋಗ್ರಾಮ್ ಒಣಮಣ್ಣು, ಸರ್ವೆ ನಂಬರು ತಾರೀಖು ಆಳಗಳನ್ನು ಬರೆದ ಚೀಟಿ, ಕಾರ್ಖಾನೆಯವರಿಗಾಗಲಿ ಮಂಡಳಿಗಾಗಲಿ ಸೇರದ ಒಂದು ಕೊಠಡಿ ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಕಟ್ಟಡಗಳ ಅಡಿಪಾಯ ಅಗೆದ ನಿವೇಶನಗಳಲ್ಲಿ ಆ ಕಾಲ ಮೀರಿದೆ, ಖಾಲಿಯಿರುವುವುಗಳಲ್ಲಿ ಮೀರಿಲ್ಲ.